ಋತು ತಪ್ಪಿದಾಗ ಆರೋಗ್ಯ: ವೈದ್ಯಪರಂಪರೆಯ ಎರಡು ನೆಲೆಗಳು

೧

ಕನ್ನಡ ಶಾಸ್ತ್ರಸಾಹಿತ್ಯದ ಅಧ್ಯಯನದಲ್ಲಿ ವೈದ್ಯಗ್ರಂಥಗಳಿಗೆ ಸಂದಿರುವ ಸ್ಥಾನ ಚಿಕ್ಕದು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' ಈ ಗ್ರಂಥಗಳ ಕರ್ತೃ, ಕಾಲ ಮತ್ತು ವಸ್ತುಗಳನ್ನು ಗುರುತಿಸಿಕೊಟ್ಟ ಬಳಿಕ ನಮ್ಮ ವಿದ್ವಾಂಸರು ಅವುಗಳ ಭಾಷೆ, ಛಂದಸ್ಸು, ಕವಿಯ ಮತ ಮತ್ತು ಆಶ್ರಯದಾತರನ್ನು ಕುರಿತು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಈ ಪರಂಪರೆ ಮನುಷ್ಯನ ದೇಹವನ್ನು ಅವನ ಸುತ್ತಣ ಬಿಸಿಲು, ಮಳೆ, ಗಾಳಿಗಳೊಡನೆ ಯಾವ ಬಗೆಯಲ್ಲಿ ಕೂಡಿಸಿ ನೋಡಿತು ಎಂಬ ಪ್ರಶ್ನೆ ಹಿಂದೆಯೇ ಉಳಿದಿದೆ. ಹವಾಮಾನ ಬದಲಾವಣೆ ವ್ಯಕ್ತಿಯ ಆರೋಗ್ಯವನ್ನು ಹೇಗೆ ತಟ್ಟುತ್ತದೆ ಎಂಬ ವಿಚಾರ ಇಂದು ವೈದ್ಯರ ಮತ್ತು ಹವಾಮಾನ ವಿಜ್ಞಾನಿಗಳ ಮುಂದಿರುವಾಗ, ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳಾದ ನಾವೂ ಆ ಪ್ರಶ್ನೆಯನ್ನು ನಮ್ಮ ಆಕರಗಳ ಮುಂದಿಡುವುದು ಉಚಿತವೆಂದು ತೋರುತ್ತದೆ.

ಹೀಗೆ ಮಾಡುವಾಗ ಒಂದು ಪ್ರಮಾದದಿಂದ ದೂರವಿರಬೇಕು. ಪ್ರಾಚೀನರಿಗೆ ಇಂದಿನ ಹವಾಮಾನ ಬದಲಾವಣೆ ತಿಳಿದಿತ್ತೆಂದು ಹೇಳುವುದು ಚರಿತ್ರೆಯಲ್ಲ. ಕೈಗಾರಿಕಾ ಯುಗಕ್ಕೆ ಮುಂಚೆ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೨೮೦ ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಇಂದು ೪೨೦ನ್ನು ಮೀರಿದೆ. ೧೯೦೧ರಿಂದ ೨೦೧೮ರ ಅವಧಿಯಲ್ಲಿ ಭಾರತದ ಸರಾಸರಿ ಉಷ್ಣತೆ ಸುಮಾರು ೦.೭ ಡಿಗ್ರಿ ಸೆಲ್ಸಿಯಸ್ ಏರಿದೆ. ಇವು ಅಳತೆಯಿಂದ ಬಂದ ತಿಳಿವಳಿಕೆಗಳು; ಯಾವ ಓಲೆಗರಿಯಲ್ಲಿಯೂ ಇವನ್ನು ಹುಡುಕಬೇಕಾಗಿಲ್ಲ. ಹಳೆಯ ಗ್ರಂಥಗಳು ನಮಗೆ ಕೊಡಬಲ್ಲದ್ದು ಬೇರೆ. ಋತುವಿಗೂ ದೇಹಕ್ಕೂ ಇರುವ ಸಂಬಂಧ ಮುರಿದಾಗ ಯಾವ ಪ್ರಶ್ನೆಗಳು ಏಳುತ್ತವೆ, ಆ ಹೊಣೆ ಯಾರದು ಎಂಬ ಚಿಂತನೆಯ ಒಂದು ಚೌಕಟ್ಟನ್ನು ಅವು ಕೊಡುತ್ತವೆ. ಈ ಚೌಕಟ್ಟಿನ ಎರಡು ನೆಲೆಗಳನ್ನು ಗುರುತಿಸಿ, ಅವುಗಳಲ್ಲಿ ನಾವು ಒಂದನ್ನು ಮಾತ್ರ ಉಳಿಸಿಕೊಂಡು ಇನ್ನೊಂದನ್ನು ಮರೆತಿದ್ದೇವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲನೆಯ ನೆಲೆ ಋತುಚರ್ಯೆಯದು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯ ಮತ್ತು ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ ಮೂರನೆಯ ಅಧ್ಯಾಯ ಇದಕ್ಕೆ ಮೂಲ. ವರ್ಷವನ್ನು ಸೂರ್ಯನು ಪ್ರಾಣಿಗಳ ಬಲವನ್ನು ಹೀರುವ ಆದಾನಕಾಲ ಮತ್ತು ಬಲವನ್ನು ಮರಳಿಸುವ ವಿಸರ್ಗಕಾಲ ಎಂದು ಎರಡಾಗಿ ಭಾಗಿಸಿ, ಒಂದೊಂದಕ್ಕೂ ಮೂರು ಋತುಗಳನ್ನು ಹೇಳುತ್ತಾರೆ. ಗ್ರೀಷ್ಮದಲ್ಲಿ ಸಂಚಯಗೊಂಡ ವಾತ ವರ್ಷಋತುವಿನಲ್ಲಿ ಕೆರಳುತ್ತದೆ. ವರ್ಷದಲ್ಲಿ ಕೂಡಿಕೊಂಡ ಪಿತ್ತ ಶರತ್ತಿನಲ್ಲಿ ಕೆರಳುತ್ತದೆ. ಚಳಿಯಲ್ಲಿ ಗಟ್ಟಿಗೊಂಡ ಕಫ ವಸಂತದಲ್ಲಿ ಕರಗಿ ಕಾಯಿಲೆಯಾಗುತ್ತದೆ. ಆಯಾ ಋತುವಿಗೆ ತಕ್ಕ ಆಹಾರ, ನಿದ್ರೆ, ಸ್ನಾನ, ಉಡುಪುಗಳನ್ನು ಪಾಲಿಸುವವನು ಈ ಏರಿಳಿತವನ್ನು ದಾಟುತ್ತಾನೆ. ಇಲ್ಲಿ ಆರೋಗ್ಯವೆಂಬುದು ವ್ಯಕ್ತಿಯ ಶಿಸ್ತಿನ ಫಲ.

ಈ ವ್ಯವಸ್ಥೆಯಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವುದು ವಾಗ್ಭಟನು ಹೇಳುವ ಋತುಸಂಧಿ. ಒಂದು ಋತುವಿನ ಕೊನೆಯ ಏಳು ದಿನ ಮತ್ತು ಮುಂದಿನದರ ಮೊದಲ ಏಳು ದಿನ ಸೇರಿ ಹದಿನಾಲ್ಕು ದಿನಗಳ ಸಂಧಿಕಾಲ. ಆ ಅವಧಿಯಲ್ಲಿ ಹಳೆಯ ಪದ್ಧತಿಯನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕು. ಥಟ್ಟನೆ ಬಿಡುವುದರಿಂದಲೂ ಥಟ್ಟನೆ ಹಿಡಿಯುವುದರಿಂದಲೂ ರೋಗಗಳು ಹುಟ್ಟುತ್ತವೆ. ಬಿಸಿಲಿಗೆ ದೇಹ ಹೊಂದಿಕೊಳ್ಳಲು, ಅಂದರೆ ಬೆವರುವಿಕೆ, ರಕ್ತಸಂಚಾರ, ಲವಣದ ಉಳಿತಾಯ ಇವು ಮಾರ್ಪಡಲು ಒಂದರಿಂದ ಎರಡು ವಾರ ಬೇಕೆಂದು ಇಂದಿನ ಶರೀರವಿಜ್ಞಾನವೂ ಹೇಳುತ್ತದೆ. ಎರಡೂ ಒಂದೇ ಸಿದ್ಧಾಂತವೆಂದು ನಾವು ವಾದಿಸುವುದಿಲ್ಲ. ಆದರೆ ಇವೆರಡೂ ಒಂದೇ ಆಧಾರದ ಮೇಲೆ ನಿಂತಿವೆ: ಋತು ಹೇಳಿದ ಕಾಲಕ್ಕೆ, ಹೇಳಿದ ನಡೆಯಲ್ಲಿ ಬರಬೇಕು. ೨೦೨೨ರ ಮಾರ್ಚ್ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ ೧೯೦೧ರಿಂದೀಚಿನ ಎಲ್ಲ ಮಾರ್ಚ್‌ಗಳಿಗಿಂತ ಹೆಚ್ಚಾಗಿತ್ತು. ಮರುವರ್ಷ ಫೆಬ್ರವರಿಯೂ ಹಾಗೆಯೇ ದಾಖಲೆ ಮುರಿಯಿತು. ವಸಂತವೇ ಗ್ರೀಷ್ಮವಾಗಿ ಬಂದಾಗ ಸಂಧಿಕಾಲವನ್ನು ಪಂಚಾಂಗದ ಯಾವ ಪುಟದಲ್ಲಿ ಗುರುತಿಸಬೇಕು? ಶಿಸ್ತುಳ್ಳ ವ್ಯಕ್ತಿಗೂ ಪಾಲಿಸಲು ಏನೂ ಉಳಿಯುವುದಿಲ್ಲ.

೩

ಎರಡನೆಯ ನೆಲೆ ಇಲ್ಲಿಂದಲೇ ಆರಂಭವಾಗುತ್ತದೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ಜನಪದವೇ ಹಾಳಾಗುವುದನ್ನು ಕುರಿತದ್ದು ಎಂದು ಅರ್ಥ. ಅದರ ಆರಂಭದ ಸನ್ನಿವೇಶ ಮನನೀಯವಾಗಿದೆ. ಪಾಂಚಾಲ ದೇಶದ ರಾಜಧಾನಿ ಕಾಂಪಿಲ್ಯದ ಬಳಿ, ಬೇಸಗೆಯ ಕೊನೆಯ ತಿಂಗಳಿನಲ್ಲಿ, ಆತ್ರೇಯ ಪುನರ್ವಸು ಶಿಷ್ಯರೊಡನೆ ಗಂಗಾತೀರದ ಕಾಡಿನಲ್ಲಿ ಸಂಚರಿಸುತ್ತಿದ್ದಾನೆ. ನಕ್ಷತ್ರ, ಗ್ರಹ, ಗಾಳಿ, ದಿಕ್ಕುಗಳು ಸಹಜಸ್ಥಿತಿಯಲ್ಲಿಲ್ಲವೆಂದೂ, ಋತು ವಿಕಾರಗೊಂಡಿದೆಯೆಂದೂ, ಬೇಗನೆ ಭೂಮಿ ತನ್ನ ಸಾರವನ್ನು ಕಳೆದುಕೊಳ್ಳುವುದೆಂದೂ ಅವನು ಅಗ್ನಿವೇಶನಿಗೆ ತಿಳಿಸುತ್ತಾನೆ. ಅದಕ್ಕೆ ಮುಂಚೆಯೇ ಮೂಲಿಕೆಗಳನ್ನು ಕಿತ್ತು ಕೂಡಿಡಬೇಕೆಂಬುದು ಅವನ ಸೂಚನೆ.

ಆಗ ಅಗ್ನಿವೇಶನು ಕೇಳುವ ಪ್ರಶ್ನೆ ಇಡೀ ಋತುಚರ್ಯೆಯ ತಳಹದಿಯನ್ನೇ ಮುಟ್ಟುತ್ತದೆ. ಮನುಷ್ಯರ ಪ್ರಕೃತಿ, ಆಹಾರ, ದೇಹ, ಬಲ, ಅಭ್ಯಾಸ, ಮನಸ್ಸು, ವಯಸ್ಸುಗಳು ಬೇರೆಬೇರೆ. ಹೀಗಿರುವಾಗ ಒಂದೇ ಕಾಲಕ್ಕೆ ಒಂದೇ ವ್ಯಾಧಿಯಿಂದ ಇಡೀ ಜನಪದ ನಾಶವಾಗುವುದು ಹೇಗೆ? ಆತ್ರೇಯನ ಉತ್ತರ ನೇರವಾದುದು. ಇವೆಲ್ಲ ಬೇರೆಯಾದರೂ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಾಮಾನ್ಯ. ಇವು ಕೆಟ್ಟಾಗ ವ್ಯಾಧಿಯೂ ಸಾಮಾನ್ಯವಾಗುತ್ತದೆ. ಈ ನಾಲ್ಕರಲ್ಲಿ ಒಂದಕ್ಕಿಂತ ಮುಂದಿನದು ತಪ್ಪಿಸಿಕೊಳ್ಳಲು ಹೆಚ್ಚು ಕಠಿಣ: ಗಾಳಿಗಿಂತ ನೀರು, ನೀರಿಗಿಂತ ನೆಲ, ನೆಲಕ್ಕಿಂತ ಕಾಲ. ಕೆಟ್ಟ ಗಾಳಿಗೆ ಬಾಗಿಲು ಹಾಕಿಕೊಳ್ಳಬಹುದು, ಕೆಟ್ಟ ನೆಲವನ್ನು ಬಿಟ್ಟುಹೋಗಬಹುದು. ಕೆಟ್ಟ ಕಾಲದಿಂದ ಹೊರಗೆ ಹೋಗಲು ಎಡೆಯಿಲ್ಲ. ಕೆಡುಕಿಗೆ ಕಾರಣವೇನೆಂದು ಮುಂದೆ ಕೇಳಿದಾಗ ಆತ್ರೇಯನು ಅಧರ್ಮವನ್ನೂ ಅದರ ಬೇರಾದ ಪ್ರಜ್ಞಾಪರಾಧವನ್ನೂ ಹೆಸರಿಸುತ್ತಾನೆ. ಅದು ದೇಶ, ನಗರಗಳ ಮುಖ್ಯಸ್ಥರಿಂದ ಆರಂಭವಾಗಿ ಆಶ್ರಿತರಿಗೂ ಪ್ರಜೆಗಳಿಗೂ ಹರಡುತ್ತದೆನ್ನುತ್ತಾನೆ. ಅವನು ಹೇಳುವ ಕಾರಣ ನೈತಿಕವಾದುದು. ನಮ್ಮ ಕಾಲ ಕಂಡುಕೊಂಡದ್ದು ಭೌತಿಕವಾದುದು. ಆದರೂ ಹೊಣೆಯನ್ನು ರೋಗಿಯ ದಿನಚರಿಯಿಂದ ಮೇಲಕ್ಕೆ, ನಿರ್ಧಾರ ಕೈಗೊಳ್ಳುವವರ ಕಡೆಗೆ ಒಯ್ದದ್ದು ಈ ಅಧ್ಯಾಯದ ಹೆಚ್ಚಳ.

ಇದೇ ಸಂಹಿತೆ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಕಾಲ ಕೆಡುವ ಬಗೆಯನ್ನು ಮೂರಾಗಿ ವಿಂಗಡಿಸುತ್ತದೆ. ಋತುವಿನ ಲಕ್ಷಣ ಮಿತಿಮೀರಿದರೆ ಅತಿಯೋಗ, ಕೊರತೆಯಾದರೆ ಅಯೋಗ, ವಿಪರೀತವಾದರೆ ಮಿಥ್ಯಾಯೋಗ. ಈ ಮೂರು ಮಾತುಗಳನ್ನು ನಾವು ಮುಂದೆ ವಿವೇಚನೆಯ ಅನುಕೂಲಕ್ಕಾಗಿ ಬಳಸುತ್ತೇವೆ.

೪

ಚರಿತ್ರೆಗೆ ಹೋಗುವ ಮುನ್ನ ಕನ್ನಡದ ಆಕರಗಳನ್ನು ಕುರಿತು ಒಂದು ಎಚ್ಚರಿಕೆ ಅಗತ್ಯ. ಚಾಲುಕ್ಯ ಜಯಸಿಂಹನ ಕಾಲದ ಎರಡನೆಯ ಚಾವುಂಡರಾಯನ 'ಲೋಕೋಪಕಾರ' (ಸು. ೧೦೨೫) ಮಳೆಯ ಲಕ್ಷಣ, ಅಂತರ್ಜಲ, ವೃಕ್ಷಾಯುರ್ವೇದ, ಪಾಕ, ವೈದ್ಯಗಳನ್ನು ಒಂದೇ ಗ್ರಂಥದಲ್ಲಿ ಹೆಣೆಯುತ್ತದೆ. ಕೀರ್ತಿವರ್ಮನ 'ಗೋವೈದ್ಯ', ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ', ಮಂಗರಾಜನ 'ಖಗೇಂದ್ರಮಣಿದರ್ಪಣ' ಇವು ವೈದ್ಯಕ್ಕೆ ಮೀಸಲಾದವು. ರಟ್ಟಕವಿಯ 'ರಟ್ಟಮತ' (ಸು. ೧೩೦೦) ಮಳೆ, ಸಿಡಿಲು, ಭೂಕಂಪಗಳ ಶಕುನಶಾಸ್ತ್ರ. ಮಳೆ ಮತ್ತು ಮದ್ದು ಒಂದೇ ಲೋಕಜ್ಞಾನದ ಅಂಗಗಳಾಗಿದ್ದವೆಂಬುದಕ್ಕೆ 'ಲೋಕೋಪಕಾರ'ದ ರಚನೆಯೇ ಸಾಕ್ಷಿ.

ಇಂಥ ಗ್ರಂಥಗಳ ಮಳೆಯ ಲೆಕ್ಕವನ್ನು ಇಂದಿನ ಮಳೆಯೊಡನೆ ಹೋಲಿಸಿ, ವ್ಯತ್ಯಾಸ ಕಂಡ ಕೂಡಲೇ ಹವಾಮಾನ ಬದಲಾವಣೆಯೆಂದು ತೀರ್ಮಾನಿಸುವ ಪ್ರಲೋಭನೆ ಸಹಜ. ಅದು ಸಲ್ಲದು. ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕ ನಿರಯನ ಪದ್ಧತಿಯದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅಯನಚಲನೆಯಿಂದಾಗಿ ಈ ನಕ್ಷತ್ರಗಳ ದಿನಗಳು ಋತುಚಕ್ರಕ್ಕೆ ಹೋಲಿಸಿದಲ್ಲಿ ಸುಮಾರು ೭೨ ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತವೆ. ಚಾವುಂಡರಾಯನಿಂದ ಇಂದಿನವರೆಗೆ ಸಂದಿರುವ ಸಾವಿರ ವರ್ಷಗಳಲ್ಲಿ ಈ ಅಂತರ ಸುಮಾರು ಹದಿನಾಲ್ಕು ದಿನ, ಅಂದರೆ ಸರಿಯಾಗಿ ಒಂದು ಮಳೆಯಷ್ಟು. ಹವೆಯಲ್ಲಿ ಏನೂ ಬದಲಾಗದಿದ್ದರೂ ಅಂದು ಆರ್ದ್ರೆಯಲ್ಲಿ ಬೀಳುತ್ತಿದ್ದ ಮಳೆ ಇಂದು ಮೃಗಶಿರದಲ್ಲಿ ಬೀಳಬೇಕು. ಈ ತಿದ್ದುಪಡಿಯನ್ನು ಮಾಡದ ಯಾವ ಹೋಲಿಕೆಯೂ ನಿಲ್ಲುವುದಿಲ್ಲ.

ಎರಡನೆಯ ತೊಡಕು ದೇಶದ್ದು. ಜ್ಯೇಷ್ಠ, ಆಷಾಢಗಳನ್ನು ಗ್ರೀಷ್ಮವೆನ್ನುವ ವಿಭಾಗ ಉತ್ತರದ ಬಯಲಿಗೆ ಒಪ್ಪುವಂಥದು. ನಮ್ಮಲ್ಲಿ ಜ್ಯೇಷ್ಠಕ್ಕಾಗಲೇ ಮಳೆ ಹಿಡಿಯುತ್ತದೆ. ಸುಶ್ರುತಸಂಹಿತೆ ಶಿಶಿರವನ್ನು ಬಿಟ್ಟು, ಮಳೆಗೆ ಮೊದಲಿನ ಪ್ರಾವೃಟ್ಟನ್ನು ಸೇರಿಸಿದ ಇನ್ನೊಂದು ವಿಭಾಗವನ್ನೂ ಕೊಡುತ್ತದೆ. ಶಾಸ್ತ್ರಕ್ಕೂ ಋತುಪಟ್ಟಿ ಒಂದೇ ಆಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

೫

ಈಗ ಅಯೋಗದ ಚರಿತ್ರೆಯನ್ನು ನೋಡಬಹುದು. ಹಳೆಯ ಮೈಸೂರಿನ ಹಿರಿಯರ ನೆನಪಿನಲ್ಲಿ 'ಧಾತು ಈಶ್ವರ ಬರ'ವೆಂದು ಉಳಿದುಬಂದ ೧೮೭೬-೭೮ರ ಕ್ಷಾಮ ಮದರಾಸು, ಮೈಸೂರು, ಹೈದರಾಬಾದು ಮತ್ತು ಮುಂಬಯಿ ಪ್ರಾಂತಗಳನ್ನು ಒಟ್ಟಿಗೇ ಹಿಡಿಯಿತು. ಕನ್ನಡ ಮಾತನಾಡುವವರು ಅಂದು ಹಂಚಿಹೋಗಿದ್ದ ಬಹುತೇಕ ಎಲ್ಲ ಆಡಳಿತಗಳೂ ಇದರಲ್ಲಿ ಸೇರಿದ್ದವು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕಿಂತ ಕೆಳಗಿಳಿಯಿತು. ೧೮೭೭ರ ಮಳೆಯ ವೈಫಲ್ಯದ ಹಿಂದೆ ಶಾಂತಸಾಗರದ ಪ್ರಬಲವಾದ ಎಲ್ ನಿನೊ ಇತ್ತೆಂದು ಇಂದು ತಿಳಿದಿದೆ. ಇದು ಮನುಷ್ಯಕೃತವಾದ ಬದಲಾವಣೆಯಲ್ಲ, ಪ್ರಕೃತಿಯ ಏರಿಳಿತ. ಆದರೂ ಮಳೆಯ ಕೊರತೆ ಒಬ್ಬ ವ್ಯಕ್ತಿಯ ದೇಹವನ್ನು ತಲಪುವ ದಾರಿ ಯಾವುದು ಎಂಬುದಕ್ಕೆ ಇದಕ್ಕಿಂತ ವಿಶದವಾದ ನಿದರ್ಶನ ನಮ್ಮ ಚರಿತ್ರೆಯಲ್ಲಿಲ್ಲ.

ಆ ದಾರಿ ನೇರವಾದುದಲ್ಲ. ಮಳೆ ತಪ್ಪಿದಾಗ ಮೊದಲು ಹೋದದ್ದು ಕೂಲಿ, ಬಳಿಕ ಧಾನ್ಯದ ಬೆಲೆ ಏರಿತು, ಜನ ಊರು ಬಿಟ್ಟರು, ಬತ್ತಿದ ಕೆರೆಬಾವಿಗಳ ತಳದ ನೀರನ್ನು ಕುಡಿದರು, ಪರಿಹಾರ ಶಿಬಿರಗಳಲ್ಲಿ ಒತ್ತೊತ್ತಾಗಿ ಸೇರಿದರು, ಕಾಲರಾ ಹಬ್ಬಿತು. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದಾಗ, ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾ. ಕಾರ್ನಿಷ್ ದುಡಿಯುವ ದೇಹಕ್ಕೆ ಇದು ಸಾಲದೆಂದು ಪ್ರತಿಭಟಿಸಿದರು. ಒಂದು ಹೊಟ್ಟೆಗೆ ಎಷ್ಟು ಸಾಕು ಎಂಬುದು ಆಡಳಿತದ ಕಡತದಲ್ಲಿ ನಿರ್ಧಾರವಾದ ಸಂದರ್ಭ ಅದು. ವಿಲಿಯಂ ಡಿಗ್ಬಿ ೧೮೭೮ರಲ್ಲಿ ಪ್ರಕಟಿಸಿದ ಕ್ಷಾಮದ ವೃತ್ತಾಂತದಲ್ಲಿ ಈ ವಿವರಗಳು ಹೇರಳವಾಗಿವೆ.

ಇನ್ನೂ ಗಮನಿಸಬೇಕಾದುದು ಮಳೆ ಮರಳಿದ ಮೇಲೆ ಆದದ್ದು. ೧೮೭೭ರ ಕೊನೆಗೆ ಮತ್ತು ೧೮೭೮ರಲ್ಲಿ ಮಳೆ ಬಂದಾಗ ಸಾವು ನಿಲ್ಲಲಿಲ್ಲ. ಹಸಿವಿನಿಂದ ಸೊರಗಿದ ಜನರ ಮೇಲೆ ಜ್ವರಗಳು ಎರಗಿದವು. ಬರದ ಬೆನ್ನಿಗೇ ಬಂದ ಮಳೆ ಸೊಳ್ಳೆಗಳನ್ನು ಹೆಚ್ಚಿಸಿದಾಗ ಮಲೇರಿಯಾ ತೀವ್ರವಾಗುವುದನ್ನು ಕ್ಷಾಮಗಳ ಮರಣವನ್ನು ಅಭ್ಯಸಿಸಿದ ಚರಿತ್ರಕಾರರು ಎತ್ತಿ ತೋರಿಸಿದ್ದಾರೆ. ಒಂದು ಋತುವಿನ ಕೇಡು ಮುಂದಿನ ಋತುವಿನ ದೇಹದಲ್ಲಿ ಪ್ರಕಟವಾಗುವುದೆಂಬ ಸಂಚಯ ಪ್ರಕೋಪಗಳ ಕ್ರಮ ಇಲ್ಲಿ ಒಂದು ದೇಹದಲ್ಲಲ್ಲ, ಒಂದು ನಾಡಿನಲ್ಲಿ ನಡೆಯಿತು.

೬

ಅತಿಯೋಗದ ವಿಷಯಕ್ಕೆ ಬಂದರೆ, ನಮ್ಮ ಚಂಪೂಕಾವ್ಯಗಳ ಗ್ರೀಷ್ಮವರ್ಣನೆಗಳನ್ನು ಓದಿದವರಿಗೆ ಅಲ್ಲಿನ ಬೇಸಗೆ ಯಾರದೆಂಬುದು ತಿಳಿದೇ ಇದೆ. ಧಾರಾಗೃಹ, ಚಂದನಲೇಪ, ಬಾಳೆಯ ನೆರಳು, ಬೆಳುದಿಂಗಳ ಉಪ್ಪರಿಗೆ. ವೈದ್ಯಶಾಸ್ತ್ರದ ಗ್ರೀಷ್ಮಚರ್ಯೆಯೂ ಇದೇ ಲೋಕಕ್ಕೆ ಸೇರಿದ್ದು: ಬಿಸಿಲನ್ನೂ ಶ್ರಮವನ್ನೂ ಬಿಡಬೇಕು, ತಂಪಾದ ಮನೆಯಲ್ಲಿ ಹಗಲು ಮಲಗಬೇಕು. ಶ್ರಮವನ್ನು ಬಿಟ್ಟರೆ ಅಂದಿನ ಊಟವಿಲ್ಲದವನಿಗೆ ಈ ವಿಧಿ ಅನ್ವಯಿಸುವುದಿಲ್ಲ. ಉಳಿದ ಜನರ ಬೇಸಗೆ ಕಾವ್ಯದಲ್ಲಿ ಇಲ್ಲದಿದ್ದರೂ ಶಾಸನಗಳಲ್ಲಿ ಇದೆ. ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆಗೆ ಭೂಮಿಯನ್ನೋ ಹಣವನ್ನೋ ಬಿಟ್ಟ ದತ್ತಿಗಳನ್ನು ಕನ್ನಡ ಶಾಸನಗಳು ಮತ್ತೆಮತ್ತೆ ದಾಖಲಿಸುತ್ತವೆ. ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನ ಆ ಮಠವನ್ನು ವಿದ್ಯೆಯ ನೆಲೆಯೆಂದು ಮಾತ್ರವಲ್ಲ, ಅನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಳವೆಂದೂ ಬಣ್ಣಿಸುತ್ತದೆ. ಇವು ಋತುಚರ್ಯೆಯ ಪುಸ್ತಕದಲ್ಲಿ ಬಾರದ, ಆದರೆ ಆರೋಗ್ಯದ ಚರಿತ್ರೆಯಲ್ಲಿ ಬರಲೇಬೇಕಾದ ಸಂಗತಿಗಳು.

ಈಚಿನ ದಶಕಗಳ ಅನುಭವ ಈ ಭೇದವನ್ನು ಕಣ್ಣಿಗೆ ಕಟ್ಟುವಂತೆ ಮಾಡಿದೆ. ೨೦೧೦ರ ಮೇ ತಿಂಗಳಿನಲ್ಲಿ ಅಹಮದಾಬಾದಿನ ಉಷ್ಣತೆ ೪೬.೮ ಡಿಗ್ರಿಗೆ ಏರಿತು; ಆ ಒಂದು ತಿಂಗಳಲ್ಲಿ ವಾಡಿಕೆಗಿಂತ ೧,೩೪೪ ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ಬಳಿಕ ನಡೆದ ಅಧ್ಯಯನ ಲೆಕ್ಕ ಹಾಕಿತು. ೨೦೧೫ರಲ್ಲಿ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಎರಡು ಸಾವಿರಕ್ಕಿಂತ ಹೆಚ್ಚು ಜನ ಬಿಸಿಲಿನ ಹೊಡೆತಕ್ಕೆ ಬಲಿಯಾದರು. ದೇಹ ತನ್ನ ಶಾಖವನ್ನು ಮುಖ್ಯವಾಗಿ ಬೆವರಿನ ಮೂಲಕ ಕಳೆದುಕೊಳ್ಳುತ್ತದೆ. ಹವೆಯಲ್ಲಿ ತೇವ ಹೆಚ್ಚಿದಷ್ಟೂ ಬೆವರು ಆರುವುದಿಲ್ಲ. ರಾತ್ರಿಯೂ ತಂಪಾಗದಿದ್ದರೆ ಹೃದಯಕ್ಕೆ ಬಿಡುವಿಲ್ಲ. ನೀರು ಕಡಿಮೆಯಾದರೆ ಮೂತ್ರಪಿಂಡಗಳು ಬಳಲುತ್ತವೆ. ವೃದ್ಧರು, ಗರ್ಭಿಣಿಯರು, ಹಸುಳೆಗಳು ಮತ್ತು ಬಯಲಲ್ಲಿ ದುಡಿಯುವವರು ಮೊದಲು ಸೋಲುತ್ತಾರೆ.

ಅಹಮದಾಬಾದು ೨೦೧೩ರಲ್ಲಿ ದಕ್ಷಿಣ ಏಷ್ಯಾದ ಮೊದಲ ಉಷ್ಣ ಕ್ರಿಯಾಯೋಜನೆಯನ್ನು ಜಾರಿಗೆ ತಂದಿತು. ಮುನ್ಸೂಚನೆ, ಆಸ್ಪತ್ರೆಗಳ ಸಿದ್ಧತೆ, ಬೀದಿಗಳಲ್ಲಿ ಕುಡಿಯುವ ನೀರು ಇವು ಅದರ ಅಂಗಗಳು. ಅದೇ ನಗರದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗವನ್ನು ಮೇಲಿನ ಅಂತಸ್ತಿನಿಂದ ಕೆಳಕ್ಕೆ ಸ್ಥಳಾಂತರಿಸಿದ್ದರಿಂದ ಶಾಖದಿಂದ ಬಳಲುವ ನವಜಾತ ಶಿಶುಗಳ ಸಂಖ್ಯೆ ಇಳಿಯಿತೆಂಬುದು ಕಂಡುಬಂದಿದೆ. ಹಸುಳೆಗೆ ಋತುಚರ್ಯೆಯನ್ನು ಬೋಧಿಸಲಾಗದು. ಅದರ ತೊಟ್ಟಿಲು ಯಾವ ಅಂತಸ್ತಿನಲ್ಲಿರಬೇಕೆಂಬುದನ್ನು ಯಾರಾದರೂ ನಿರ್ಧರಿಸಬೇಕು. ಕಾರ್ನಿಷ್ ಎತ್ತಿದ ಪ್ರಶ್ನೆಯೂ ಇದೇ ಬಗೆಯದು.

ಹೊರನಾಡಿನ ಕನ್ನಡ ಸಂಶೋಧಕರಿಗೆ ಈ ವಿಷಯ ದೂರದ್ದಲ್ಲ. ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಸುಗ್ಗಿ ಮುಗಿದ ಮೇಲೆ ಹೈದರಾಬಾದು, ಪುಣೆ, ಮುಂಬಯಿ, ಗೋವೆಗಳಿಗೆ ಗುಳೆ ಹೋಗುವ ಕುಟುಂಬಗಳು ಮಳೆಗಾಲಕ್ಕೆ ಊರಿಗೆ ಮರಳುತ್ತವೆ. ಅಂದರೆ ವರ್ಷದ ಅತ್ಯಂತ ಕಡುಬಿಸಿಲಿನ ತಿಂಗಳುಗಳನ್ನು ಅವು ನಗರದ ಕಟ್ಟಡಗಳ ಮೇಲೆ ಕಳೆಯುತ್ತವೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ ೮ರಿಂದ ಮಧ್ಯಾಹ್ನ ೧-೩೦ರವರೆಗೆ ಬದಲಿಸುವ ಪದ್ಧತಿಯಿದೆ. ಅದು ಆಡಳಿತವೇ ಒಪ್ಪಿಕೊಂಡ ಒಂದು ಗ್ರೀಷ್ಮಚರ್ಯೆ. ಅದೇ ಜಿಲ್ಲೆಯಿಂದ ಬಂದ ಕೂಲಿಯವನಿಗೆ ನಗರದಲ್ಲಿ ಅದು ದೊರೆಯುವುದಿಲ್ಲ. ವಿಚಾರ ಸಂಕಿರಣವೊಂದಕ್ಕಾಗಿ ನಾವು ಬೇಸಗೆಯಲ್ಲಿ ಹೈದರಾಬಾದಿಗೆ ಹೋಗಿದ್ದಾಗ, ಅತಿಥಿಗೃಹದ ಪಕ್ಕದ ಕಟ್ಟಡದಲ್ಲಿ ಕಲ್ಲುಮಣ್ಣು ಹೊರುತ್ತಿದ್ದ ಯಾದಗಿರಿ ಸೀಮೆಯ ಹಿರಿಯ ಹೆಣ್ಣುಮಗಳೊಬ್ಬರು ಕನ್ನಡ ಕೇಳಿ ಮಾತಿಗೆ ನಿಂತರು. ಊರಿನ ಬಿಸಿಲೇನೂ ಇದಕ್ಕಿಂತ ಕಡಿಮೆಯದಲ್ಲ, ಆದರೆ ಅಲ್ಲಿ ಬೇವಿನ ಕೆಳಗೆ ಕೂರಲು ಯಾರ ಅಪ್ಪಣೆಯೂ ಬೇಡವೆಂದು ಅವರು ಹೇಳಿದರು. ಮರುದಿನ ನಾವು ಓದಬೇಕಿದ್ದ ಪ್ರಬಂಧ ಚಂಪೂಕಾವ್ಯಗಳ ಋತುವರ್ಣನೆಯನ್ನು ಕುರಿತದ್ದು. ಪ್ರಸ್ತುತ ಲೇಖನದ ಪ್ರಶ್ನೆ ನಮಗೆ ಸ್ಪಷ್ಟವಾದದ್ದು ಆ ಮಾತಿನಿಂದ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮಳೆಯ ಅತಿಯೋಗಕ್ಕೂ ನಿದರ್ಶನ ಹತ್ತಿರವೇ ಇದೆ. ೨೦೦೫ರ ಜುಲೈ ೨೬ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಸುರಿಯಿತು. ನೆರೆ ಇಳಿದ ಬಳಿಕದ ವಾರಗಳಲ್ಲಿ, ಇಲಿಗಳ ಮೂತ್ರದಿಂದ ಕಲುಷಿತವಾದ ನೀರಿನ ಮೂಲಕ ಹರಡುವ ಲೆಪ್ಟೊಸ್ಪೈರೋಸಿಸ್ ಜ್ವರ ನಗರದಲ್ಲಿ ಹೆಚ್ಚಿತು. ಕೊಳೆನೀರಿನಲ್ಲಿ ನಡೆಯದೆ ಮನೆ ಸೇರಲಾಗದವರೇ ಇದಕ್ಕೆ ಹೆಚ್ಚು ಒಡ್ಡಿಕೊಂಡಿದ್ದರು.

೭

ಮೂರನೆಯದಾದ ಮಿಥ್ಯಾಯೋಗ ಸೂಕ್ಷ್ಮವಾದುದು. ಶರತ್ಕಾಲವನ್ನು ವೈದ್ಯರ ತಾಯಿಯೆಂದು ಹಾಸ್ಯ ಮಾಡುವ ಹಳೆಯ ಮಾತೊಂದಿದೆ. ಮಳೆ ಹಿಂದೆ ಸರಿದು ನೀರು ನಿಂತ ತಿಂಗಳುಗಳಲ್ಲಿ ಜ್ವರ ಹೆಚ್ಚುವುದನ್ನು ಎಲ್ಲರೂ ಕಂಡಿದ್ದರು, ಏಕೆಂಬುದು ತಿಳಿದಿರಲಿಲ್ಲ. ೧೮೯೫ರಲ್ಲಿ ಬೆಂಗಳೂರಿಗೆ ಕಾಲರಾ ನಿಯಂತ್ರಣದ ಕಾರ್ಯಕ್ಕೆ ಬಂದು, ಮುಂದೆ ಸಿಕಂದರಾಬಾದಿಗೆ ಹೋದ ರೊನಾಲ್ಡ್ ರಾಸ್ ೧೮೯೭ರ ಆಗಸ್ಟ್ ೨೦ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡಾಗ, ಋತುವಿಗೂ ಜ್ವರಕ್ಕೂ ನಡುವಿನ ಕೊಂಡಿ ದೊರೆಯಿತು. ಆ ಕೊಂಡಿ ಉಷ್ಣತೆಗೆ ಅಧೀನವಾದುದು. ಸುಮಾರು ೧೬ರಿಂದ ೧೮ ಡಿಗ್ರಿಗಿಂತ ಕೆಳಗೆ ಪರೋಪಜೀವಿ ಸೊಳ್ಳೆಯೊಳಗೆ ಬೆಳೆಯುವುದಿಲ್ಲ. ಹವೆ ಬೆಚ್ಚಗಾದಂತೆ ಅದರ ಬೆಳವಣಿಗೆಯ ಅವಧಿ ಕುಗ್ಗುತ್ತದೆ. ತೀರ ಸೆಕೆಯಾದರೆ ಸೊಳ್ಳೆಯೇ ಬೇಗ ಸಾಯುತ್ತದೆ. ಆದ್ದರಿಂದ ಬಿಸಿ ಏರಿದಲ್ಲೆಲ್ಲ ಜ್ವರವೂ ಏರುವುದೆಂದು ಹೇಳಲಾಗದು. ಜ್ವರದ ಕಾಲ ಮತ್ತು ಸ್ಥಳ ಸರಿಯುತ್ತವೆ ಎನ್ನುವುದು ಹೆಚ್ಚು ಸರಿ.

ಡೆಂಗೆಯ ವಿಷಯದಲ್ಲಿಯೂ ಹೀಗೆಯೇ. ದೆಹಲಿಯಲ್ಲಿ ೧೯೯೬ರ ಹಾವಳಿಯಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಜನ ರೋಗಪೀಡಿತರಾಗಿ ನಾನೂರಕ್ಕಿಂತ ಹೆಚ್ಚು ಜನ ತೀರಿಕೊಂಡರು. ೨೦೧೫ರಲ್ಲಿ ಪ್ರಕರಣಗಳು ಹದಿನೈದು ಸಾವಿರವನ್ನು ಮೀರಿದವು. ಮಳೆಗಾಲದ ಕೊನೆಗೆ ಏರುವ ಈ ರೋಗವನ್ನು ಅಲ್ಲಿ ಇಳಿಸುವುದು ಹೇಮಂತದ ಚಳಿ. ಆ ಚಳಿ ತಡವಾದರೆ ರೋಗದ ಋತುವೂ ಉದ್ದವಾಗುತ್ತದೆ.

ಇಲ್ಲಿಯೂ ಎಲ್ಲವನ್ನೂ ಕಾಲದ ತಲೆಗೆ ಕಟ್ಟಬಾರದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಉಣ್ಣೆಗಳ ಮೂಲಕ ಮನುಷ್ಯರಿಗೂ ಹರಡಿದ ಮಂಗನಕಾಯಿಲೆಯ ವೈರಾಣುವನ್ನು ಪುಣೆಯ ವೈರಸ್ ಸಂಶೋಧನ ಕೇಂದ್ರ ಗುರುತಿಸಿತು. ಮಳೆ ನಿಂತ ಮೇಲೆ ಎಳೆಯ ಉಣ್ಣೆಗಳು ಹೆಚ್ಚುವ ಒಣ ತಿಂಗಳುಗಳೇ ಅದರ ಕಾಲ. ೨೦೧೨ರಿಂದೀಚೆಗೆ ಅದು ಚಾಮರಾಜನಗರ, ವಯನಾಡು, ಗೋವೆ, ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿದೆ. ಈ ಚರಿತ್ರೆಯಲ್ಲಿ ಕಾಡು ಕಡಿದದ್ದು, ಕಾಡಿನಂಚಿಗೆ ಜನ ಮತ್ತು ದನ ಸರಿದದ್ದು ಬಹಳ ಮುಖ್ಯ. ಚರಕನ ಮಾತಿನಲ್ಲಿ ಇದು ದೇಶದ ಕೇಡು. ಕಾಲವೂ ದೇಶವೂ ಒಂದನ್ನೊಂದು ಹೆಣೆದುಕೊಂಡಿರುವಲ್ಲಿ ಎರಡನ್ನೂ ಬಿಡಿಸಿ ನೋಡುವ ತಾಳ್ಮೆ ಸಂಶೋಧಕನಿಗೆ ಬೇಕು.

೮

ಒಟ್ಟಿನಲ್ಲಿ, ನಮ್ಮ ಪರಂಪರೆ ಆರೋಗ್ಯವನ್ನು ಕುರಿತು ಎರಡು ಮಾತುಗಳನ್ನು ಹೇಳಿದೆ. ಋತು ಸರಿಯಾಗಿರುವಾಗ ಆರೋಗ್ಯ ವ್ಯಕ್ತಿಯ ನಡತೆಯನ್ನು ಅವಲಂಬಿಸುತ್ತದೆ. ಋತುವೇ ಕೆಟ್ಟಾಗ ಅದು ಎಲ್ಲರಿಗೂ ಸಾಮಾನ್ಯವಾದುದನ್ನು ಅವಲಂಬಿಸುತ್ತದೆ. ಮೊದಲನೆಯದನ್ನು ನಾವು ಜನಪ್ರಿಯ ಪುಸ್ತಿಕೆಗಳಲ್ಲಿ, ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಇಂದಿಗೂ ಬಾಳಿಸಿದ್ದೇವೆ: ಮಜ್ಜಿಗೆ ಕುಡಿಯಿರಿ, ಮಧ್ಯಾಹ್ನ ಹೊರಗೆ ಹೋಗಬೇಡಿ. ಈ ಸಲಹೆ ಸರಿಯಾದುದೇ. ಆದರೆ ಹೊರಗೆ ಹೋಗದೆ ಇರಲಾಗದವರಿಗೆ ಅದು ಏನನ್ನೂ ಹೇಳುವುದಿಲ್ಲ. ಎರಡನೆಯ ನೆಲೆಯನ್ನು ಕೈಬಿಟ್ಟರೆ ಕಾಲದ ಕೇಡನ್ನೂ ರೋಗಿಯ ಅಶಿಸ್ತಿನ ಲೆಕ್ಕಕ್ಕೆ ಬರೆಯುವ ಅನ್ಯಾಯಕ್ಕೆ ಎಡೆಯಾಗುತ್ತದೆ.

ಈ ದಿಸೆಯಲ್ಲಿ ಹೊರನಾಡಿನ ಕನ್ನಡ ಪೀಠಗಳು ಮಾಡಬಹುದಾದ ಕೆಲಸ ಎರಡು ಬಗೆಯದು. ಹಸ್ತಪ್ರತಿ ಭಂಡಾರಗಳಲ್ಲಿರುವ ವೈದ್ಯದ ಓಲೆಗರಿಗಳಲ್ಲಿ ಋತು, ಮಳೆ, ಜ್ವರಗಳ ಉಲ್ಲೇಖಗಳನ್ನು ಮೇಲೆ ಹೇಳಿದ ಅಯನಾಂಶದ ತಿದ್ದುಪಡಿಯೊಡನೆ ಸಂಗ್ರಹಿಸುವುದು ಒಂದು. ಗುಳೆ ಬಂದ ಕನ್ನಡಿಗರ ಬಾಯಲ್ಲಿರುವ ಬಿಸಿಲು, ಮಳೆ, ಬೇನೆಗಳ ಮಾತುಗಳನ್ನೂ, ಇಂಥ ಮಳೆಗೆ ಇಂಥ ಕಾಯಿಲೆ ಎಂಬ ಅವರ ತಿಳಿವಳಿಕೆಯನ್ನೂ, ಅದು ಈಗ ಎಲ್ಲಿ ತಪ್ಪುತ್ತಿದೆ ಎಂಬ ಅವರ ಅನುಭವವನ್ನೂ ಅವರು ದುಡಿಯುವ ನಗರಗಳಲ್ಲಿಯೇ ದಾಖಲಿಸುವುದು ಇನ್ನೊಂದು. ಹೈದರಾಬಾದು, ಮುಂಬಯಿ, ಪುಣೆಗಳಲ್ಲಿರುವ ಸಂಶೋಧಕರಿಗೆ ಈ ಅವಕಾಶ ಕರ್ನಾಟಕದೊಳಗಿನವರಿಗಿಂತ ಸುಲಭವಾಗಿ ಒದಗಿದೆ.

ಭೂಮಿ ಸಾರವನ್ನು ಕಳೆದುಕೊಳ್ಳುವ ಮುಂಚೆ ಮೂಲಿಕೆಗಳನ್ನು ಕೂಡಿಡಬೇಕೆಂದು ಆತ್ರೇಯನು ಶಿಷ್ಯರಿಗೆ ಹೇಳಿದ್ದು ಬೇಸಗೆಯ ಕೊನೆಯ ತಿಂಗಳಲ್ಲಿ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಬಾಳಿದ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಅವರಿಂದ ಕೂಡಿಡಬೇಕಾದುದನ್ನು ಕೂಡಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ವಿಳಂಬವಿಲ್ಲದೆ ಕೈಗೆತ್ತಿಕೊಳ್ಳಬೇಕಾಗಿದೆ.